‘ಏನಾರಾ ಕಳ್ಕೊಂಡ್ರಾ ಸಾ?’

ಬೆಂಗಳೂರಿಗೆ ನಾನು ಹೋಗುವುದು ಎರಡೇ ಕಾರಣಕ್ಕೆ. ಒಂದು ಮದುವೆ, ಇನ್ನೊಂದು ಆಸ್ಪತ್ರೆ. ಈ ಸಲ ಎರಡೂ ಅಲ್ಲ. ಅಕ್ಕನ ಮಗಳು ಪುಟ್ಟಿ ಅಲ್ಲಿ ಪರಿಸರ ವಿಜ್ಞಾನ ಓದುತ್ತಿದ್ದಾಳೆ. ದೀಪಾವಳಿಗೆ ಊರಿಗೆ ಬಂದವಳು ನನ್ನ ಹತ್ತಿರ ಜಗಳ ಆಡಿಕೊಂಡು ಹೋದಳು. ನಾನು ಹೇಳಿದ್ದು ಇಷ್ಟೇ: "ಕಾಡು ಅಂದ್ರೆ ನಮ್ಮ ತೀರ್ಥಹಳ್ಳಿ ಕಡೆ. ನಿಮ್ಮ ಬೆಂಗಳೂರು ಸುತ್ತ ಏನಿದೆ? ಬರೀ ಬೋಳು."

"ಬೋಳು ಬೋಳು ಅಂತ ಎಲ್ಲದಕ್ಕೂ ಒಂದೇ ಹೆಸರು ಇಟ್ಟುಬಿಟ್ರೆ ಹೇಗೆ ಮಾವ? ಡಿಸೆಂಬರ್‌ನಲ್ಲಿ ಬನ್ನಿ. ನಾಲ್ಕು ದಿನ ಸಾಕು, ತೋರಿಸ್ತೀನಿ" ಅಂದಳು.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ರಿಟೈರ್ ಆದವನು ನಾನು. ಹೆಣ್ಣುಮಗು ಕರೆದರೆ ಹೋಗದೇ ಇರಲಾಗುತ್ತಾ? ರಾತ್ರಿ ಬಸ್ಸು ಹತ್ತಿದೆ.

ಮೊದಲ ದಿನ: ಲಾಲ್‌ಬಾಗ್ ಬಂಡೆ

ಬೆಳಿಗ್ಗೆ ಐದೂವರೆಗೆ ಯಶವಂತಪುರದಲ್ಲಿ ಇಳಿದೆ. ಪುಟ್ಟಿ ಇರುವುದು ಮತ್ತೀಕೆರೆಯಲ್ಲಿ, ಮೂವರು ಹುಡುಗಿಯರ ಬಾಡಿಗೆ ಮನೆ. ನನ್ನನ್ನು ಪಕ್ಕದ ಬೀದಿಯ ಸಣ್ಣ ಲಾಡ್ಜಿಗೆ ಸೇರಿಸಿದಳು. ಅಲ್ಲಿ ನಲ್ಲಿ ತಿರುಗಿಸಿದರೆ ಬರೀ ಗಾಳಿಯ ಸದ್ದು. ಎಂಟು ಗಂಟೆಗೆ ಟ್ಯಾಂಕರ್ ಬಂತು, ಆಮೇಲೆ ಸ್ನಾನ.

ಅದನ್ನೇ ಪುಟ್ಟಿಗೆ ಹೇಳಿದೆ. ಅವಳು ನಕ್ಕು ಮೊಬೈಲ್ ತೆಗೆದಳು. ಜಗಳದ ಮೂಲ ಆ ಮೊಬೈಲಿನಲ್ಲೇ ಇತ್ತು. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕೀತ್ ಅಂತ ಒಬ್ಬ ವಿಜ್ಞಾನಿ ಇದ್ದಾರೆ. ಅವರ ಮುಂದಾಳತ್ವದಲ್ಲಿ ಬೇರೆ ಬೇರೆ ದೇಶದವರು ಸೇರಿ ಇಡೀ ಭೂಮಿಯ ಪರಿಸರ ವ್ಯವಸ್ಥೆಗಳನ್ನು ಒಂದು ಪಟ್ಟಿಗೆ ತಂದಿದ್ದಾರೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಅದನ್ನು 2020ರಲ್ಲಿ ಹೊರತಂದಿತು. 25 ಬಯೋಮ್‌ಗಳು, ಅಂದರೆ ದೊಡ್ಡ ದೊಡ್ಡ ವಿಭಾಗಗಳು, ಅವುಗಳ ಕೆಳಗೆ 108 ಗುಂಪುಗಳು. 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲೂ ಬಂತು. ಪ್ರತಿ ಗುಂಪಿಗೂ ಒಂದು ನಂಬರು. ನೆಲದ್ದಾದರೆ ‘ಟಿ’, ಸಿಹಿನೀರಿನದ್ದಾದರೆ ‘ಎಫ್’, ಕಡಲಿನದ್ದಾದರೆ ‘ಎಂ’, ನೆಲದೊಳಗಿನದ್ದಾದರೆ ‘ಎಸ್’.

"ನಿಮ್ಮ ನಲ್ಲಿಗೂ ನಂಬರು ಇದೆ ನೋಡಿ. ಎಸ್‌ಎಫ್2.1. ನೀರಿನ ಪೈಪು, ನೆಲದಡಿಯ ಕಾಲುವೆ. ಅದರೊಳಗೂ ಜೀವ ಇರುತ್ತಲ್ವಾ?"

"ನಂಬರು ಇದೆ, ನೀರಿಲ್ಲ" ಅಂದೆ.

ತಿಂಡಿ ಮುಗಿಸಿ ಲಾಲ್‌ಬಾಗಿಗೆ ಹೋದೆವು. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ ಅಂತ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಗಾಜಿನ ಮನೆ ಕಡೆ ಹೆಜ್ಜೆ ಹಾಕಿದವನನ್ನು ಪುಟ್ಟಿ ತಿರುಗಿಸಿ ಬಂಡೆ ಹತ್ತಿಸಿದಳು. "ಕೆಳಗೆ ಇರೋ ಮರಗಳೆಲ್ಲ ಎಲ್ಲೆಲ್ಲಿಂದಲೋ ತಂದು ನೆಟ್ಟಿದ್ದು. ಈ ತೋಟದಲ್ಲಿ ಮೊದಲಿಂದ ಇಲ್ಲಿಯದೇ ಅಂತ ಇರೋದು ಇದೊಂದೇ."

ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭೂವೈಜ್ಞಾನಿಕ ಸ್ಮಾರಕ ಅಂತ ಅಲ್ಲೇ ಕಲ್ಲು ನೆಟ್ಟಿದ್ದಾರೆ. ಮೇಲೆ ಕೆಂಪೇಗೌಡರ ಗೋಪುರ. ಜನ ಗೋಪುರದ ಹತ್ತಿರ ಸೆಲ್ಫಿ ತೆಗೆಯುತ್ತಿದ್ದರು, ನಾವಿಬ್ಬರು ಕುಕ್ಕರುಗಾಲಲ್ಲಿ ಕೂತು ಬಂಡೆಯ ಸಂದು ನೋಡುತ್ತಿದ್ದೆವು. ಬೆರಳಗಲದ ಬಿರುಕು. ಅದರಲ್ಲಿ ಒಂದು ಚಮಚ ಮಣ್ಣು. ಆ ಮಣ್ಣಿನಲ್ಲಿ ಒಣಗಿದ ಹುಲ್ಲಿನ ಗರಿ, ಪಕ್ಕದಲ್ಲಿ ಕರಿ ಕಲೆಯ ಹಾಗೆ ಅಂಟಿಕೊಂಡ ಕಲ್ಲುಹೂವು. ಮಳೆ ಬಿದ್ದರೆ ಎಲ್ಲ ಹಸಿರಾಗುತ್ತೆ, ನಿಂತರೆ ಮತ್ತೆ ಮುರುಟಿಕೊಳ್ಳುತ್ತೆ.

ಇದರ ನಂಬರು ಟಿ3.4. ಆ ಗುಂಪಿನ ಹೆಸರು ಓದಿ ನನಗೆ ನಗು ತಡೆಯಲಾಗಲಿಲ್ಲ. ‘ಎಳೆಯ ಬಂಡೆಹಾಸು’! 300 ಕೋಟಿ ವರ್ಷದ ಮುದುಕನಿಗೆ ಎಳೆಯ ಅಂತ ಹೆಸರು. ಕಲ್ಲು ಹಳೆಯದಾದರೂ ಅದರ ಮೇಲೆ ಮಣ್ಣು ಇನ್ನೂ ಕಟ್ಟುತ್ತಲೇ ಇದೆ, ಎಳೆತನ ಅಂದರೆ ಅದು ಅಂತ ಪುಟ್ಟಿ ಸಮಜಾಯಿಷಿ ಕೊಟ್ಟಳು. ಇರಲಿ. ಹತ್ತೂವರೆ ಆಗುವಷ್ಟರಲ್ಲಿ ಬಂಡೆ ಕಾದಿತ್ತು. ಡಿಸೆಂಬರ್ ಅಂತ ಟೋಪಿ ಬಿಟ್ಟು ಬರಬೇಡಿ, ಮೇಲೆ ಒಂದು ಚೂರು ನೆರಳಿಲ್ಲ.

ಸಂಜೆ ಗಾಂಧಿ ಬಜಾರ್. ಮಸಾಲೆ ದೋಸೆ, ಕಾಫಿ, ಅವರೆಕಾಯಿ ರಾಶಿ. ರಾಶಿಯ ಹತ್ತಿರ ನಿಂತರೆ ಸಾಕು, ಆ ಸೊಗಡು ಅಂಗಿಗೆಲ್ಲ ಹತ್ತುತ್ತೆ. ಎರಡು ಕೆಜಿ ಕೊಂಡೆವು. ರಾತ್ರಿ ಹುಡುಗಿಯರ ಮನೆಯಲ್ಲಿ ನಾಲ್ಕು ಜನ ಸುತ್ತ ಕೂತು ಬಿಡಿಸಿದೆವು. ವಿಜ್ಞಾನದ ಮಾತು ಅಲ್ಲಿ ಬರಲೇ ಇಲ್ಲ.

ಎರಡನೇ ದಿನ: ಹೆಸರಘಟ್ಟ

ನಾಲ್ಕೂಮುಕ್ಕಾಲಿಗೆ ಎದ್ದು ಪುಟ್ಟಿಯ ಸ್ಕೂಟರ್ ಹತ್ತಿದೆವು. ಚಿಕ್ಕಬಾಣಾವರ ದಾಟುವ ತನಕ ಊರು ಮುಗಿಯುವುದೇ ಇಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ಚಳಿ. ಮಲೆನಾಡಿನವನು ನಾನು, ಆದರೂ ಹಲ್ಲು ಕಟಕಟ ಅಂದವು. ನಮ್ಮಲ್ಲಿ ಚಳಿ ಮರದ ಮರೆಯಲ್ಲಿ ಬರುತ್ತೆ, ಇಲ್ಲಿ ಎದುರಿಗೇ ಬರುತ್ತೆ.

ಹೆಸರಘಟ್ಟ ಅಂದರೆ ನನಗೆ ಗೊತ್ತಿದ್ದದ್ದು ಕೆರೆ ಮಾತ್ರ. ಅರ್ಕಾವತಿಗೆ ಕಟ್ಟೆ ಹಾಕಿ 1890ರ ದಶಕದಲ್ಲಿ ಬೆಂಗಳೂರಿಗೆ ನೀರು ಕೊಟ್ಟ ಕೆರೆ. ಅದರ ಪಕ್ಕದಲ್ಲೇ ಇಷ್ಟು ದೊಡ್ಡ ಬಯಲು ಇದೆ ಅಂತ ಯಾರೂ ಹೇಳಿರಲಿಲ್ಲ. ಮಂಜು ಏಳುವ ಹೊತ್ತಿಗೆ ನಾವು ಅಂಚಿನಲ್ಲಿ ನಿಂತಿದ್ದೆವು. ಮೊಣಕಾಲೆತ್ತರದ ಹುಲ್ಲು, ಜೋನಿಬೆಲ್ಲದ ಬಣ್ಣ. ಎಲ್ಲೋ ಒಂದೊಂದು ಜಾಲಿ, ಒಂದು ಈಚಲು.

ಸ್ಕೂಟರನ್ನು ಡಾಂಬರು ರಸ್ತೆಯ ಪಕ್ಕದಲ್ಲೇ ಬಿಡಿಸಿದಳು. ಹುಲ್ಲಿನ ಮೇಲೆ ಗಾಡಿ ಓಡಿಸಬಾರದಂತೆ. ಫೋಟೊ ತೆಗೆಯಲು ಬಂದವರು ಜೀಪು ನುಗ್ಗಿಸಿ ಮಾಡಿದ ಚಕ್ರದ ಗುರುತು ಅಲ್ಲಲ್ಲಿ ಇತ್ತು. ಇಲ್ಲಿನ ಹಕ್ಕಿಗಳು ಎಷ್ಟೋ ನೆಲದ ಮೇಲೇ ಮೊಟ್ಟೆ ಇಡುತ್ತವೆ. ಹೋಗುವವರು ಕಾಲ್ನಡಿಗೆಯಲ್ಲಿ, ಇರುವ ಕಾಲುದಾರಿಯಲ್ಲೇ ಹೋಗಿ. ದಪ್ಪ ಪ್ಯಾಂಟು ಹಾಕಿಕೊಳ್ಳಿ. ನಾನು ಪಂಚೆ ಉಟ್ಟು ಹೋಗಿ ಪಾಡು ಪಟ್ಟೆ, ಅದನ್ನು ಮುಂದೆ ಹೇಳುತ್ತೇನೆ.

ಏಳು ಗಂಟೆಗೆ ಒಂದು ಹಕ್ಕಿ ಹುಲ್ಲಿನ ತುದಿ ಸವರಿಕೊಂಡು ಹೋಯಿತು. ರೆಕ್ಕೆ ಎತ್ತಿ ಹಿಡಿದು, ಬಡಿಯದೆ, ಸುಮ್ನೆ ತೇಲಿಕೊಂಡು. "ಹ್ಯಾರಿಯರ್! ಒಂದು ಜಾತಿ ಗಿಡುಗ. ಚಳಿಗಾಲಕ್ಕೆ ಉತ್ತರದಿಂದ ಬರುತ್ತೆ. ಅದಕ್ಕೆ ಇಂಥ ಬಯಲೇ ಬೇಕು" ಅಂದಳು ಪಿಸುಮಾತಿನಲ್ಲಿ. ನಾನು ಕನ್ನಡಕ ಒರೆಸಿಕೊಳ್ಳುವುದರೊಳಗೆ ಅದು ಮಾಯ. ಆಮೇಲೆ ಒಂದು ಟಿಟ್ಟಿಭ ನಮ್ಮನ್ನು ಬೈದುಕೊಂಡು ಅರ್ಧ ಫರ್ಲಾಂಗು ಹಿಂದೆ ಬಂತು.

ಈಗ ಪಂಚೆಯ ವಿಷಯ. ಒಂದು ಗಂಟೆ ನಡೆದು ಕೂತಾಗ ನೋಡಿದರೆ ಪಂಚೆಯ ಅಂಚಿಗೆ ನೂರಾರು ಹುಲ್ಲಿನ ಬೀಜ ಚುಚ್ಚಿಕೊಂಡಿವೆ. ಒಂದೊಂದಕ್ಕೂ ಸೂಜಿಯಂಥ ಮೊನೆ, ಹಿಂದೆ ಉದ್ದನೆಯ ಕರಿ ಬಾಲ. ಬಾಲಗಳೆಲ್ಲ ಜಡೆಯ ಹಾಗೆ ಹೆಣೆದುಕೊಂಡಿವೆ. ಸಿಟ್ಟಿನಿಂದ ಕೀಳುತ್ತಿದ್ದೆ. ಪುಟ್ಟಿ ಒಂದನ್ನು ಇಸಿದುಕೊಂಡು ನನ್ನ ಅಂಗೈ ಮೇಲಿಟ್ಟು, ಬಾಟಲಿಯಿಂದ ಒಂದು ಹನಿ ನೀರು ಬಿಟ್ಟಳು. "ನೋಡ್ತಾ ಇರಿ."

ಕಡ್ಡಿ ಅಲುಗಾಡಿತು. ಮೊದಲು ಗಾಳಿ ಅಂದುಕೊಂಡೆ. ಅಲ್ಲ. ಒದ್ದೆಯಾದ ಬಾಲ ನಿಧಾನಕ್ಕೆ ತಿರುಚು ಬಿಚ್ಚುತ್ತಿತ್ತು. ಗಡಿಯಾರದ ಮುಳ್ಳಿನ ಹಾಗೆ ಅಂಗೈ ಮೇಲೆ ಸುತ್ತು ಹೊಡೆಯಿತು, ಮೊನೆ ಚರ್ಮಕ್ಕೆ ಒತ್ತಿತು. ಮಳೆ ಬಿದ್ದಾಗ ಹೀಗೆ ತಿರುಗುತ್ತಾ ಬೈರಿಗೆಯ ಹಾಗೆ ಮಣ್ಣು ಕೊರೆದು ಬೀಜವನ್ನು ಒಳಗೆ ಇಳಿಸುತ್ತಂತೆ. ಒಣಗಿದರೆ ಮತ್ತೆ ತಿರುಚಿಕೊಳ್ಳುತ್ತೆ. ಜೀವ ಇಲ್ಲದ ಕಡ್ಡಿ, ಉಸಾಬರಿ ಮಾತ್ರ ಎಷ್ಟು! ಮೂವತ್ತು ವರ್ಷ ಬೀಜ ಪ್ರಸರಣ ಪಾಠ ಮಾಡಿದ್ದೇನೆ, ಇದನ್ನು ಒಂದು ಸಲವೂ ನೋಡಿರಲಿಲ್ಲ. ಐದಾರು ಸಲ ನೀರು ಬಿಟ್ಟು ನೋಡಿದೆ. ತಂದದ್ದೇ ಒಂದು ಬಾಟಲಿ, ಅದೂ ಖಾಲಿ.

ಹಾಗೆ ತಲೆ ಬಗ್ಗಿಸಿ ಕೂತಿದ್ದಾಗ ಹಿಂದಿನಿಂದ ದನಿ ಬಂತು. "ಏನಾರಾ ಕಳ್ಕೊಂಡ್ರಾ ಸಾ?"

ಕುರಿ ಕಾಯುವ ಅಜ್ಜ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ದೋಟಿ, ಹಿಂದೆ ಇಪ್ಪತ್ತು ಮೂವತ್ತು ಕುರಿ. ಹುಲ್ಲು ನೋಡುತ್ತಿದ್ದೇವೆ ಅಂದೆ. ಅಜ್ಜನಿಗೆ ಅದು ನಂಬುವಂಥ ಮಾತು ಅನ್ನಿಸಲಿಲ್ಲ. "ಸೈಟ್ ನೋಡಕ್ ಬಂದೋರಲ್ವಾ?" ಅಂತ ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡು ಕೂತರು.

ಈ ಜಾಗಕ್ಕೆ ಏನಂತೀರಿ ಅಂತ ಪುಟ್ಟಿ ಕೇಳಿದಳು. ಅಜ್ಜ ದೋಟಿ ಚಾಚಿ ತೋರಿಸುತ್ತಾ ಹೋದರು. "ಇದು ಕಾವಲು. ಆ ಉಬ್ಬು ಕಾಣ್ತದಲ್ಲ, ಅದು ಕಲ್ಲುದಿಣ್ಣೆ, ಅಲ್ಲಿ ಹುಲ್ಲು ಗಿಡ್ಡ, ಕುರಿಗೆ ಅದೇ ರುಚಿ. ಅತ್ತಾಗೆ ಕೆರೆ ಅಂಗಳ. ಇತ್ತಾಗೆ ಕುಂಟೆ. ಆ ದೂರದ್ದು ನೀಲಗಿರಿ ತೋಪು, ಅಲ್ಲಿ ಏನೂ ಇಲ್ಲ."

"ಮರ ಇದೆಯಲ್ಲ ಅಜ್ಜ?"

"ಮರ ಐತೆ. ಮೇಯಕ್ಕೆ ಏನೈತೆ?"

ಪುಟ್ಟಿ ನನ್ನ ಮುಖ ನೋಡಿದಳು. ನಾನು ಹುಲ್ಲು ನೋಡಿದೆ.

ಅಜ್ಜ ಐದು ಮಾತಿನಲ್ಲಿ ಐದು ಜಾಗ ಬೇರೆ ಮಾಡಿ ಹೇಳಿದ್ದರು. ನಮ್ಮ ದೇಶದ ಕಾಡುಗಳ ವಿಂಗಡಣೆಗೆ ಆಧಾರವಾಗಿರುವುದು ಚಾಂಪಿಯನ್ ಮತ್ತು ಸೇಠ್ ಅನ್ನುವ ಅರಣ್ಯ ತಜ್ಞರ 1968ರ ಪಟ್ಟಿ. ಅದರಲ್ಲಿ ಕಾಡುಗಳಿಗೆ 16 ಮುಖ್ಯ ಗುಂಪು. ಆದರೆ ಒಣ ಹುಲ್ಲುಗಾವಲು ಬಂದಿರುವುದು ಕೆಟ್ಟುಹೋದ ಕಾಡಿನ ಒಂದು ಹಂತವಾಗಿ. ಅಂದರೆ ಇಲ್ಲಿ ಕಾಡು ಇರಬೇಕಿತ್ತು, ಹಾಳಾಗಿ ಹುಲ್ಲಾಗಿದೆ ಅನ್ನುವ ಲೆಕ್ಕ. ಕಂದಾಯದವರಿಗೆ ಇದು ಗೋಮಾಳ, ಇಲ್ಲವೇ ಖರಾಬು. ನಕ್ಷೆ ಮಾಡುವವರಿಗೆ ಪಾಳುಭೂಮಿ. ಕೀತ್ ಅವರ ಪಟ್ಟಿಯಲ್ಲಿ ಮಾತ್ರ ಹುಲ್ಲುಗಾವಲಿಗೆ, ಹುಲ್ಲಿನ ಮಧ್ಯೆ ಅಲ್ಲೊಂದು ಇಲ್ಲೊಂದು ಮರ ಇರುವ ಸವಾನಾಗಳಿಗೆ ಟಿ4 ಅಂತ ಪ್ರತ್ಯೇಕ ಬಯೋಮ್. ಮಳೆಕಾಡಿಗೆ ಎಷ್ಟು ಮರ್ಯಾದೆಯೋ ಅದಕ್ಕೂ ಅಷ್ಟೇ.

ಆದರೂ ನನ್ನೊಳಗಿನ ಮೇಷ್ಟ್ರು ಬಿಡಲಿಲ್ಲ. "ಇಲ್ಲಿಗೆ ಮಳೆ ಬೀಳುತ್ತಲ್ಲ? ಮಳೆ ಬಿದ್ದ ಮೇಲೆ ಮರ ಯಾಕೆ ಬೆಳೆಯಲ್ಲ?"

ಅದಕ್ಕೆ ಪುಟ್ಟಿಯ ಹತ್ತಿರ ಉತ್ತರ ಸಿದ್ಧ ಇತ್ತು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲೇ ಇರುವ ಮಹೇಶ್ ಶಂಕರನ್ ಮತ್ತು ಜೊತೆಯವರು ಆಫ್ರಿಕಾದ 854 ಜಾಗಗಳ ಅಂಕಿಅಂಶ ಸೇರಿಸಿ 2005ರಲ್ಲಿ ಒಂದು ಲೆಕ್ಕ ಕೊಟ್ಟರು. ವರ್ಷಕ್ಕೆ ಸುಮಾರು 650 ಮಿಲಿಮೀಟರ್‌ಗಿಂತ ಕಡಿಮೆ ಮಳೆ ಇದ್ದರೆ ಮರ ಹೆಚ್ಚೆಂದರೆ ಎಷ್ಟಿರಬಹುದು ಅಂತ ಮಳೆಯೇ ತೀರ್ಮಾನ ಮಾಡುತ್ತೆ. ಅದಕ್ಕಿಂತ ಜಾಸ್ತಿ ಮಳೆ ಇರುವ ಕಡೆ ಬಯಲನ್ನು ಬಯಲಾಗಿ ಇಡುವುದು ಬೆಂಕಿ ಮತ್ತು ಮೇಯುವ ಪ್ರಾಣಿಗಳು. ಬೆಂಗಳೂರಿನ ಮಳೆ 650ಕ್ಕಿಂತ ಜಾಸ್ತಿಯೇ. ಆಫ್ರಿಕಾದ ಲೆಕ್ಕವನ್ನು ಹಾಗೇ ತಂದು ಇಲ್ಲಿ ಕೂರಿಸುವುದಕ್ಕೆ ಬರುವುದಿಲ್ಲ ಅಂತಲೂ ಅವಳೇ ಹೇಳಿದಳು. ಆದರೆ ಈ ಹುಲ್ಲಿಗೆ ಬಿಸಿಲು ಬೇಕೇ ಬೇಕು. ಮೇಲೆ ನೆರಳು ಬಿದ್ದರೆ ಸಾಯುತ್ತೆ. ಮರ ನೆಡುವುದು ಅಂದರೆ ಅದರ ಕತ್ತು ಹಿಚುಕಿದ ಹಾಗೆ.

"ಅಂದ್ರೆ ನಿಮ್ಮ ಕುರಿನೇ ಇದನ್ನ ಕಾಯ್ತಿರೋದು" ಅಂದೆ ಅಜ್ಜನಿಗೆ.

"ನಾನ್ ಕುರಿ ಕಾಯ್ತೀನಿ. ಅದು ಇನ್ನೇನ್ ಕಾಯ್ತದೋ" ಅಂದು ಎದ್ದರು. ಎದ್ದವರು ಕೇಳಿದರು, "ನಿಮ್ಮೂರಲ್ಲಿ ಇಂಥಾದ್ದು ಇಲ್ವಾ?"

ಇತ್ತು. ನಾವು ಬ್ಯಾಣ ಅಂತೀವಿ. ಶಾಲೆಯ ಹಿಂದಿನ ಗುಡ್ಡದಲ್ಲೇ ಒಂದು ದೊಡ್ಡ ಬ್ಯಾಣ ಇತ್ತು. ಮಳೆಗಾಲ ಮುಗಿದ ಮೇಲೆ ಊರ ದನವೆಲ್ಲ ಅಲ್ಲಿ. ಒಂದು ವರ್ಷ ವನಮಹೋತ್ಸವಕ್ಕೆ ಅಕೇಶಿಯಾ ಸಸಿ ಬಂದವು. ಖಾಲಿ ಬಿದ್ದಿದೆ ಅಂತ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಅಲ್ಲೇ ನೆಡಿಸಿದವನು ನಾನು. ಗ್ರೂಪ್ ಫೋಟೊ ಇನ್ನೂ ಮನೆಯ ಗೋಡೆ ಮೇಲಿದೆ.

"ಇತ್ತು ಅಜ್ಜ" ಅಂದೆ. ಅಷ್ಟೇ ಹೇಳಿದೆ.

ವಾಪಸ್ ಬಂದರೆ ಸ್ಕೂಟರ್ ಪಂಕ್ಚರ್. ಜಾಲಿ ಮುಳ್ಳು. ನೀರೂ ಇಲ್ಲ. ಮುಕ್ಕಾಲು ಗಂಟೆ ತಳ್ಳಿಕೊಂಡು ಹೋದಮೇಲೆ ಒಂದು ಅಂಗಡಿ ಸಿಕ್ಕಿತು. ಪಂಕ್ಚರ್ ಹಾಕುವ ಹುಡುಗ ಪಕ್ಕದ ತಗಡಿನ ಹೋಟೆಲ್ ತೋರಿಸಿದ. ಮುದ್ದೆ, ಅವರೆಕಾಳು ಸಾರು. ಮುದ್ದೆ ಅಗಿಯುತ್ತಾ ಕೂತವನನ್ನು ನೋಡಲಾರದೆ ಹೋಟೆಲಿನಮ್ಮ ಒಳಗಿನಿಂದ ಅನ್ನ ತಂದು ಬಡಿಸಿದರು. ಸಾರು ಮಾತ್ರ ಮೂರು ಸಲ ಹಾಕಿಸಿಕೊಂಡೆ.

ಆ ಬಯಲಿನ 5,600 ಎಕರೆಗೂ ಹೆಚ್ಚು ಜಾಗವನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರ ಅಕ್ಟೋಬರ್‌ನಲ್ಲಿ ಒಪ್ಪಿಕೊಂಡಿತು. 2021ರಲ್ಲಿ ಬೇಡ ಅಂದಿದ್ದೂ ಅದೇ ಮಂಡಳಿ. ಅಲ್ಲಿ ಫಿಲ್ಮ್ ಸಿಟಿ ಕಟ್ಟುವ ಮಾತೂ ಒಂದು ಕಾಲಕ್ಕೆ ಇತ್ತು. ಮೀಸಲಾದ ಮೇಲೆ ಅಜ್ಜನ ಕುರಿಗೆ ಏನು ವ್ಯವಸ್ಥೆ ಅಂತ ಪುಟ್ಟಿಯನ್ನು ಕೇಳಿದೆ. "ಅದನ್ನ ಸರಿಯಾಗಿ ಕೇಳಬೇಕು ಮಾವ" ಅಂದಳು. ಮೇಯುವುದನ್ನು ಪೂರ್ತಿ ನಿಲ್ಲಿಸಿದರೆ ಹುಲ್ಲಿಗೇ ಕಷ್ಟ ಅಂತ ಬೆಳಿಗ್ಗೆ ತಾನೇ ಪಾಠ ಹೇಳಿದವಳಲ್ಲವೇ.

ಮೂರನೇ ದಿನ: ನಮ್ಮೂರಿನ ವಾಸನೆ

ಮೈಕೈ ನೋವು. ಹತ್ತಿರದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದೆವು. ಟಾಟಾ ಇನ್‌ಸ್ಟಿಟ್ಯೂಟ್ ಅಂದರೆ ಆಟೊದವರಿಗೆ ಬೇಗ ಅರ್ಥವಾಗುತ್ತೆ. ಒಳಗಿನವರು ಯಾರಾದರೂ ಕರೆದುಕೊಂಡು ಹೋದರೆ ಒಳ್ಳೆಯದು, ಪುಟ್ಟಿಗೆ ಪರಿಚಯದವರಿದ್ದರು.

ಮಾಧವ ಗಾಡ್ಗೀಳರು 1983ರಲ್ಲಿ ಇಲ್ಲಿ ಪರಿಸರ ವಿಜ್ಞಾನಗಳ ಕೇಂದ್ರ ಶುರು ಮಾಡಿದರು. ಆ ದಶಕದಲ್ಲೇ ಕೇಂದ್ರದವರು ಕ್ಯಾಂಪಸ್ಸಿನ ಒಂದು ತುಂಡು ಜಾಗದಲ್ಲಿ ಪಶ್ಚಿಮಘಟ್ಟದ ಸಸಿಗಳನ್ನು ತಂದು ನೆಟ್ಟರು. ಈಗ ಅದು ದಟ್ಟ ಕಾಡು. ಒಳಗೆ ಕಾಲಿಟ್ಟ ತಕ್ಷಣ ತಣ್ಣಗೆ, ಕೊಳೆತ ಎಲೆಯ ವಾಸನೆ. ಕಣ್ಣು ಮುಚ್ಚಿದರೆ ನಮ್ಮ ಕಾನು. ಕಾಲಿಗೆ ಒಂದು ಉಂಬಳ ಹತ್ತಿದ್ದರೆ ಪೂರ್ತಿ ಊರೇ ಆಗುತ್ತಿತ್ತು.

"ಇದು ಚೆನ್ನಾಗಿದೆ ನೋಡು" ಅಂದೆ. ಎರಡು ದಿನ ಬಿಸಿಲು ತಿಂದವನ ಮಾತು ಅದು.

"ಚೆನ್ನಾಗಿದೆ. ಇಲ್ಲಿ ಮುಂಚೆ ಏನಿತ್ತು ಗೊತ್ತಾ? ಕುರುಚಲು."

ನಾನು ಮಾತಾಡಲಿಲ್ಲ. ಹಟ ಬೇಡ, ಇಷ್ಟು ಸಣ್ಣ ಜಾಗ, ಅದೂ ಸಂಶೋಧನೆಗೆ ಅಂತ ನೆಟ್ಟದ್ದು, ಊರಿನ ಮಧ್ಯೆ ಇಂಥದ್ದೊಂದು ಇರಲಿ ಬಿಡು ಅಂತ ಆಮೇಲೆ ನಾನೇ ವಾದ ಮಾಡಿದೆ. ಅವಳೂ ಒಪ್ಪಿದಳು. ಇದನ್ನೇ ಹೆಸರಘಟ್ಟದಲ್ಲಿ ಮಾಡೋಣ ಅಂದರೆ ಮಾತ್ರ ಒಪ್ಪಲ್ಲ ಅಂದಳು.

ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ನನ್ನ ಮುಖ್ಯ ಅನುಮಾನ ಕೇಳಿದೆ. ನಂಬರು ಕೊಟ್ಟರೆ ಏನು ಬಂತು? ಹುಲ್ಲು ನಂಬರು ನೋಡಿ ಬೆಳೆಯುತ್ತಾ? ಅವಳು ಹೇಳಿದ್ದರಲ್ಲಿ ನನಗೆ ತಲೆಗೆ ಹೋದದ್ದು ಇದು. ಹುಲಿ, ಆನೆಗಳಿಗೆ ಅಪಾಯದ ಪಟ್ಟಿ ಇರುವ ಹಾಗೆ ಇಡೀ ಪರಿಸರ ವ್ಯವಸ್ಥೆಗಳಿಗೂ ಒಂದು ಕೆಂಪು ಪಟ್ಟಿ ಇದೆ. ಅದರ ಹಿಂದೆಯೂ ಕೀತ್ ಇದ್ದಾರೆ. ಐಯುಸಿಎನ್ ಅದರ ಅಳತೆಗೋಲನ್ನು 2014ರಲ್ಲಿ ಒಪ್ಪಿಕೊಂಡಿತು. ಜಾಗ ಎಷ್ಟು ಕುಗ್ಗಿದೆ, ಉಳಿದದ್ದು ಎಷ್ಟು ಇಕ್ಕಟ್ಟಾಗಿದೆ, ಮಣ್ಣು ನೀರು ಎಷ್ಟು ಕೆಟ್ಟಿದೆ, ಒಳಗಿನ ಜೀವಗಳ ಕೊಡುಕೊಳ್ಳು ಎಷ್ಟು ತಪ್ಪಿದೆ, ಇವೆಲ್ಲ ಸೇರಿ ಕುಸಿಯುವ ಸಾಧ್ಯತೆ ಎಷ್ಟು ಅಂತ ಐದು ಪ್ರಶ್ನೆ. ಪ್ರಾಣಿಗೆ ‘ಅಳಿದಿದೆ’ ಅನ್ನುವ ಜಾಗದಲ್ಲಿ ಇಲ್ಲಿ ‘ಕುಸಿದಿದೆ’ ಅಂತಾರೆ. ಮಧ್ಯ ಏಷ್ಯಾದ ಬತ್ತಿಹೋದ ಅರಾಲ್ ಸಮುದ್ರಕ್ಕೆ ಆ ಮುದ್ರೆ ಬಿದ್ದಾಗಿದೆ.

"ಹೆಸರೇ ಇಲ್ಲದ್ದು ಕುಸಿದರೆ ಯಾರು ಲೆಕ್ಕ ಇಡ್ತಾರೆ ಮಾವ? ಪಾಳುಭೂಮಿ ಹಾಳಾಯ್ತು ಅಂತ ಯಾರಾದರೂ ದೂರು ಕೊಡ್ತಾರಾ?"

ಇದು ಪಾಯಿಂಟು ಅನ್ನಿಸಿತು. ಆದರೆ ಅಜ್ಜನ ಪಟ್ಟಿಯಲ್ಲಿ ‘ಕುರಿಗೆ ಅದೇ ರುಚಿ’ ಅನ್ನುವ ಕಾಲಂ ಇತ್ತು. ಕೀತ್ ಅವರ ಪಟ್ಟಿಯಲ್ಲಿ ಅದಿಲ್ಲ. ಹೇಳಿದೆ. ಪುಟ್ಟಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಮೇಷ್ಟ್ರಿಗೆ ಇದಕ್ಕಿಂತ ಇನ್ನೇನು ಬೇಕು?

ನಾಲ್ಕನೇ ದಿನ: ಜಕ್ಕೂರು ಕೆರೆ

ರಾತ್ರಿಗೆ ಬಸ್ಸು. ಬೆಳಿಗ್ಗೆ ಜಕ್ಕೂರು ಕೆರೆ ಸುತ್ತಿದೆವು. ಏರಿ ಮೇಲೆ ವಾಕಿಂಗ್ ಜನ, ನೀರಲ್ಲಿ ಹೆಜ್ಜಾರ್ಲೆಗಳು. ಅಷ್ಟು ದೊಡ್ಡ ಹಕ್ಕಿ ಮೊಬೈಲಲ್ಲಿ ಮಾತಾಡಿಕೊಂಡು ಹೋಗುವವರ ತಲೆ ಮೇಲೇ ಇಳಿಯಿತು. ಒಬ್ಬರೂ ಕತ್ತೆತ್ತಲಿಲ್ಲ.

ಇದಕ್ಕೆ ಎಫ್3.2, ಜನ ಕಟ್ಟಿದ ಕೆರೆ. ಬೆಂಗಳೂರಿನ ಕೆರೆಗಳೆಲ್ಲ ಕಟ್ಟಿದವೇ. ಒಂದು ಕೋಡಿ ಬಿದ್ದರೆ ರಾಜಕಾಲುವೆ ಹಿಡಿದು ಕೆಳಗಿನದಕ್ಕೆ. ಇದರ ನೀರು ರಾಚೇನಹಳ್ಳಿಗೆ. ಬಲೆ ಎಳೆದು ಬಂದ ಒಬ್ಬರು ಬುಟ್ಟಿ ತೋರಿಸಿದರು. ಮೀನು ಚೆನ್ನಾಗಿದ್ದವು. ಚರಂಡಿ ನೀರನ್ನು ಶುದ್ಧ ಮಾಡಿ ಈ ಕೆರೆಗೆ ಬಿಡುತ್ತಾರೆ ಅಂತ ಪುಟ್ಟಿ ಹೇಳಿದಮೇಲೆ ಕೊಳ್ಳುವ ಮನಸ್ಸು ಮಾಡಲಿಲ್ಲ. ಅದು ನನ್ನ ಪುಕ್ಕಲುತನ, ಮೀನಿನ ತಪ್ಪಲ್ಲ. ಮಧ್ಯಾಹ್ನದ ಮೇಲೆ ಟ್ರಾಫಿಕ್ಕಿನಲ್ಲಿ ಎರಡು ಗಂಟೆ. ಅದನ್ನು ಬರೆಯುವುದೇನಿದೆ.

ಬೆಳಗಿನ ಜಾವ ಊರು ಮುಟ್ಟಿದೆ. ಹೆಂಡತಿ ಪಂಚೆ ಒಗೆಯಲು ತೆಗೆದವಳು "ಇದೇನ್ರೀ ಮುಳ್ಳು!" ಅಂತ ಕೂಗಿದಳು. ನಾಲ್ಕು ಬೀಜ ಇನ್ನೂ ಅಂಚಿನಲ್ಲೇ ಇದ್ದವು. ಒಂದನ್ನು ಅವಳ ಅಂಗೈ ಮೇಲಿಟ್ಟು ನೀರು ಬಿಟ್ಟೆ. ಒಗೆಯುವುದು ಬಿಟ್ಟು ಅವಳೂ ನೋಡುತ್ತಾ ನಿಂತಳು.

ಹತ್ತು ಗಂಟೆಗೆ ಶಾಲೆಯ ಹಿಂದಿನ ಗುಡ್ಡ ಹತ್ತಿದೆ. ರಿಟೈರ್ ಆದಮೇಲೆ ಆ ಕಡೆ ಹೋಗಿರಲಿಲ್ಲ. ಅಕೇಶಿಯಾ ಎತ್ತರಕ್ಕೆ ಬೆಳೆದಿದೆ, ಸಾಲಾಗಿ, ನಾವು ನೆಟ್ಟ ಹಾಗೆಯೇ. ಕೆಳಗೆ ಒಣ ಎಲೆಯ ಹಾಸು, ಹೆಜ್ಜೆ ಇಟ್ಟರೆ ಚರಚರ. ಹುಲ್ಲು ಎಲ್ಲಾದರೂ ಉಳಿದಿದೆಯಾ ಅಂತ ಅರ್ಧ ಗಂಟೆ ಹುಡುಕಿದೆ. ಗುಡ್ಡದ ಅಂಚಿನಲ್ಲಿ, ಮರ ಇಲ್ಲದ ಕಡೆ, ಒಂದು ಕೋಣೆಯಷ್ಟಗಲ ಇತ್ತು.

ಅಕೇಶಿಯಾದ ಒಂದು ಫೋಟೊ, ಆ ಹುಲ್ಲಿನ ಒಂದು ಫೋಟೊ ತೆಗೆದು ಪುಟ್ಟಿಗೆ ಕಳಿಸಿದೆ. ಮೊದಲನೆಯದಕ್ಕೆ ತಕ್ಷಣ ಉತ್ತರ ಬಂತು: "ಟಿ7.3 ಮಾವ. ನೆಡುತೋಪು."

ಎರಡನೆಯದಕ್ಕೆ ಅವಳು ನಂಬರು ಬರೆಯಲಿಲ್ಲ. "ದನ ಬಿಡ್ತಾರಾ ಅಲ್ಲಿ ಈಗಲೂ?" ಅಂತ ಕೇಳಿದಳು.